ಓಲ್ಡ್ಸ್‌ಮೊಬೈಲ್: ಕಸುಬು ಕಳೆದುಕೊಂಡ ಹೆಸರು

ಅಮೆರಿಕದ ಅತಿ ಹಳೆಯ ಕಾರು ಬ್ರ್ಯಾಂಡ್ 107 ವರ್ಷ ಬಾಳಿ, 2004ರ ಏಪ್ರಿಲ್ 29ರಂದು ಕಣ್ಮುಚ್ಚಿತು. ಜಪಾನಿನ ಪೈಪೋಟಿ, ಪೆಟ್ರೋಲ್ ಬಿಕ್ಕಟ್ಟು, ಎಡವಟ್ಟಾದ ಜಾಹೀರಾತು – ಆರೋಪಿಗಳ ಪಟ್ಟಿ ಉದ್ದವಿದೆ. ಆದರೆ ಓಲ್ಡ್ಸ್‌ಮೊಬೈಲ್‌ಗೆ ಪೆಟ್ಟು ಬಿದ್ದದ್ದು ಮನೆಯೊಳಗೆ!

ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ನಗರ, 2004ರ ಏಪ್ರಿಲ್ 29, ಗುರುವಾರ. ಕಡುಗೆಂಪು ಬಣ್ಣದ ಅಲೆರೊ ಸೆಡಾನ್ ಒಂದು ಜೋಡಣಾ ಸಾಲಿನ ತುದಿಗೆ ಬಂದು ನಿಂತಿತು. ಅದನ್ನು ಕಟ್ಟಿದ ಕೆಲಸಗಾರರೆಲ್ಲ ಅದರ ಮೇಲೆ ತಮ್ಮ ಸಹಿ ಹಾಕಿದ್ದರು. ಓಲ್ಡ್ಸ್‌ಮೊಬೈಲ್ ಹೆಸರು ಹೊತ್ತ ಕಟ್ಟಕಡೆಯ ಕಾರು ಅದು. 1897ರಲ್ಲಿ ಇದೇ ಊರಿನಲ್ಲಿ ಶುರುವಾದ ಕಂಪನಿಯ ಹೆಸರಿನಲ್ಲಿ ಅಲ್ಲಿಯವರೆಗೆ ಸುಮಾರು ಮೂರೂವರೆ ಕೋಟಿ ಕಾರುಗಳು ರಸ್ತೆಗಿಳಿದಿದ್ದವು. ಅವುಗಳಲ್ಲಿ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಲ್ಯಾನ್ಸಿಂಗ್‌ನವರೇ ಕಟ್ಟಿದ್ದರು.

ಅಲೆರೊ ನಿಂತಿತು, ಸಾಲು ನಿಲ್ಲಲಿಲ್ಲ. ಅಲೆರೊದ ಜೊತೆಗಾರ ಪಾಂಟಿಯಾಕ್ ಗ್ರ್ಯಾಂಡ್ ಆಮ್ ಅದೇ ಅಡಿಪಾಯದ ಮೇಲೆ, ಅದೇ ಊರಿನಲ್ಲಿ ತಯಾರಾಗುತ್ತಲೇ ಇತ್ತು. ಅಮೆರಿಕದ ಅತ್ಯಂತ ಹಳೆಯ ಕಾರು ಬ್ರ್ಯಾಂಡ್ ಮುಚ್ಚಿದರೂ ಕಾರ್ಖಾನೆಯ ದಿನಚರಿಯಲ್ಲಿ ಆದ ವ್ಯತ್ಯಾಸ ಬಹಳ ಸಣ್ಣದು: ಒಂದು ಬಗೆಯ ಲಾಂಛನ ಅಂಟಿಸುವುದು ನಿಂತಿತು, ಇನ್ನೊಂದು ಬಗೆಯದು ಮುಂದುವರಿಯಿತು. ಓಲ್ಡ್ಸ್‌ಮೊಬೈಲ್ ಹೇಗೆ ಸತ್ತಿತು ಎಂಬ ಪ್ರಶ್ನೆಗೆ ಉತ್ತರವನ್ನು ಇಲ್ಲಿಂದಲೇ ಹುಡುಕಬೇಕು. ಒಂದು ಕಾಲಕ್ಕೆ ಆ ಹೆಸರಿನ ಹಿಂದೆ ಒಂದು ಕಸುಬು ಇತ್ತು. ಜನರಲ್ ಮೋಟರ್ಸ್‌ನೊಳಗೆ ಬೇರೆ ಯಾರೂ ಮಾಡದ ಕೆಲಸವನ್ನು ಲ್ಯಾನ್ಸಿಂಗ್‌ನ ಎಂಜಿನಿಯರುಗಳು ಮಾಡುತ್ತಿದ್ದರು. ಕಂಪನಿ ಆ ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ಕಿತ್ತುಕೊಂಡಿತು, ಹೆಸರನ್ನು ಮಾತ್ರ ಮಾರುತ್ತಾ ಹೋಯಿತು. ಗಿರಾಕಿಗೆ ಅದು ಗೊತ್ತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ.

ಲ್ಯಾನ್ಸಿಂಗ್‌ನ ಓಲ್ಡ್ಸ್

ರ‍್ಯಾನ್ಸಮ್ ಇಲೈ ಓಲ್ಡ್ಸ್ ಹುಟ್ಟಿದ್ದು 1864ರಲ್ಲಿ, ಒಹಾಯೊ ರಾಜ್ಯದ ಜಿನೀವಾದಲ್ಲಿ. ಲ್ಯಾನ್ಸಿಂಗ್‌ನಲ್ಲಿ ಅಪ್ಪ ನಡೆಸುತ್ತಿದ್ದ ಯಂತ್ರಗಳ ವರ್ಕ್‌ಶಾಪೇ ಅವನ ಪಾಠಶಾಲೆ. 1897ರ ಆಗಸ್ಟ್‌ನಲ್ಲಿ ಮೋಟಾರು ಗಾಡಿಯ ಕಂಪನಿ ಸ್ಥಾಪಿಸಿದ. ಎರಡು ವರ್ಷದ ನಂತರ ಸ್ಯಾಮ್ಯುಯೆಲ್ ಸ್ಮಿತ್ ಎಂಬ ಧನಿಕ ಬಂಡವಾಳ ಹಾಕಿದ ಮೇಲೆ ಡೆಟ್ರಾಯಿಟ್‌ನಲ್ಲಿ ಕಾರ್ಖಾನೆ ಎದ್ದಿತು. 1901ರ ಮಾರ್ಚ್‌ನಲ್ಲಿ ಅದಕ್ಕೆ ಬೆಂಕಿ ಬಿತ್ತು. ಕಂಪನಿ ಮತ್ತೆ ಲ್ಯಾನ್ಸಿಂಗ್ ಕಡೆ ಮುಖ ಮಾಡಿತು. ಹಲವು ಮಾದರಿಗಳ ಯೋಚನೆ ಬಿಟ್ಟು ಒಂದೇ ಒಂದು ಸಣ್ಣ ಗಾಡಿಯ ಮೇಲೆ ಗಮನವಿಟ್ಟಿತು. ಅದೇ ಕರ್ವ್ಡ್ ಡ್ಯಾಶ್. ಸೀಟಿನ ಕೆಳಗೆ ಒಂದೇ ಸಿಲಿಂಡರಿನ ಎಂಜಿನ್, ತಿರುಗಿಸಲು ಚಕ್ರದ ಬದಲು ದೋಣಿಯ ಚುಕ್ಕಾಣಿಯಂಥ ಹಿಡಿ, ಮುಂದೆ ಹಿಮಗಾಡಿಯ ಮೂತಿಯಂತೆ ಮೇಲಕ್ಕೆ ಬಾಗಿದ ಮರದ ಹಲಗೆ. ಬೆಲೆ 650 ಡಾಲರ್. 1901ರಲ್ಲಿ ತಯಾರಾದವು 425. 1904ರ ಹೊತ್ತಿಗೆ ವರ್ಷಕ್ಕೆ ಐದೂವರೆ ಸಾವಿರ. ಗಾಡಿಯ ಗೇರುಗಳನ್ನು ಡಾಡ್ಜ್ ಸಹೋದರರಿಂದ ತರಿಸಿದರು, ಎಂಜಿನ್‌ಗಳಿಗೆ ಹೆನ್ರಿ ಲೆಲ್ಯಾಂಡ್ ಎಂಬ ನಿಪುಣನ ವರ್ಕ್‌ಶಾಪನ್ನು ನೆಚ್ಚಿಕೊಂಡರು. ಕೆಲಸವನ್ನು ಹಂತಗಳಾಗಿ ಒಡೆದು, ಹಂತಕ್ಕೊಬ್ಬರಂತೆ ಗಾಡಿ ಕಟ್ಟಿದರು. ಫೋರ್ಡ್ ಕಾರ್ಖಾನೆಯಲ್ಲಿ ಜೋಡಣಾ ಸಾಲು ಚಲಿಸತೊಡಗಿದ್ದು 1913ರಲ್ಲಿ. ಒಂದೇ ಮಾದರಿಯ ಕಾರನ್ನು ಸಾವಿರಗಟ್ಟಲೆ ತಯಾರಿಸಬಹುದು ಎಂದು ಅದಕ್ಕೂ ಒಂದು ದಶಕ ಮೊದಲೇ ತೋರಿಸಿಕೊಟ್ಟದ್ದು ಓಲ್ಡ್ಸ್.

ಆ ಯಶಸ್ಸು ಯಜಮಾನರ ನಡುವೆ ಜಗಳ ತಂದಿತು. ಸ್ಮಿತ್‌ನ ಮಗನಿಗೆ ದೊಡ್ಡ, ದುಬಾರಿ ಕಾರು ಬೇಕಿತ್ತು. ಓಲ್ಡ್ಸ್‌ಗೆ ಜನ ಕೊಳ್ಳುವ ಅಗ್ಗದ ಗಾಡಿಯೇ ಸಾಕಿತ್ತು. 1904ರಲ್ಲಿ ಓಲ್ಡ್ಸ್ ತನ್ನ ಹೆಸರಿನ ಕಂಪನಿಯನ್ನೇ ಬಿಟ್ಟು ಹೊರಬಂದು, ಇನಿಷಿಯಲ್ಲುಗಳನ್ನು ಸೇರಿಸಿ ರಿಯೊ ಎಂಬ ಹೊಸ ಕಂಪನಿ ಕಟ್ಟಿದ. ಹಳೆಯ ಕಂಪನಿಯ ಮಾರಾಟ ಕುಸಿಯಿತು. 1908ರಲ್ಲಿ ವಿಲಿಯಂ ಡ್ಯುರಾಂಟ್ ಅದನ್ನು ತನ್ನ ಹೊಸ ಕೂಟವಾದ ಜನರಲ್ ಮೋಟರ್ಸ್‌ಗೆ ಸೇರಿಸಿಕೊಂಡ. ಆಗ ಓಲ್ಡ್ಸ್‌ಮೊಬೈಲ್ ಬಳಿ ಮಾರಲು ಸರಿಯಾದ ಕಾರಿರಲಿಲ್ಲ. ಡ್ಯುರಾಂಟ್ ಬ್ಯೂಕ್ ಕಾರಿನ ಮರದ ಬಾಡಿಯೊಂದನ್ನು ಲ್ಯಾನ್ಸಿಂಗ್‌ಗೆ ತರಿಸಿ, ಉದ್ದಕ್ಕೂ ಅಡ್ಡಕ್ಕೂ ಗರಗಸದಿಂದ ಕುಯ್ಯಿಸಿ, ನಾಲ್ಕು ತುಂಡುಗಳನ್ನು ತುಸು ದೂರ ಸರಿಸಿ, ‘ಇದೇ ನಿಮ್ಮ ಹೊಸ ಓಲ್ಡ್ಸ್‌ಮೊಬೈಲ್’ ಅಂದನಂತೆ. 1909ರ ಮಾಡೆಲ್ 20 ಹುಟ್ಟಿದ್ದು ಹಾಗೆ ಎಂದು ವಾಹನ ಚರಿತ್ರೆಗಳು ಹೇಳುತ್ತವೆ. ಬೇರೆಯವರ ಕಾರನ್ನು ಕೊಂಚ ಹಿಗ್ಗಿಸಿ ತನ್ನ ಹೆಸರಿನಲ್ಲಿ ಮಾರುವ ಆಸೆ ಕಂಪನಿಗೆ ಮೊದಲ ವರ್ಷದಿಂದಲೇ ಇತ್ತು. ಅದನ್ನು ಹಲವು ದಶಕ ತಡೆದು ನಿಲ್ಲಿಸಿದ್ದು ಇನ್ನೊಬ್ಬ ಮನುಷ್ಯನ ಶಿಸ್ತು.

> ಹಾಡಿನಲ್ಲೂ ಓಟದಲ್ಲೂ
>
> ● 1905ರಲ್ಲಿ ‘ಓಲ್ಡ್ ಸ್ಕೌಟ್’, ‘ಓಲ್ಡ್ ಸ್ಟೆಡಿ’ ಎಂಬ ಎರಡು ಕರ್ವ್ಡ್ ಡ್ಯಾಶ್ ಗಾಡಿಗಳು ನ್ಯೂಯಾರ್ಕ್‌ನಿಂದ ಪಶ್ಚಿಮದ ಪೋರ್ಟ್‌ಲೆಂಡ್‌ಗೆ ಪಂದ್ಯ ಕಟ್ಟಿ ಹೊರಟವು. ಗೆದ್ದ ‘ಓಲ್ಡ್ ಸ್ಕೌಟ್’ ತೆಗೆದುಕೊಂಡದ್ದು 44 ದಿನ.
>
> ● ಅದೇ ವರ್ಷ ‘ಇನ್ ಮೈ ಮೆರ್ರಿ ಓಲ್ಡ್ಸ್‌ಮೊಬೈಲ್’ ಹಾಡು ಮನೆಮಾತಾಯಿತು.
>
> ● 1951ರಲ್ಲಿ ಬಂದ ಜಾಕಿ ಬ್ರೆನ್‌ಸ್ಟನ್ ಹಾಡು ‘ರಾಕೆಟ್ 88’. ರಾಕ್ ಅಂಡ್ ರೋಲ್‌ನ ಮೊದಲ ಧ್ವನಿಮುದ್ರಿಕೆ ಇದೇ ಎಂದು ವಾದಿಸುವ ಸಂಗೀತ ಚರಿತ್ರೆಕಾರರು ಇದ್ದಾರೆ. ಹೆಸರು ಬಂದದ್ದು ಓಲ್ಡ್ಸ್‌ಮೊಬೈಲ್ 88 ಕಾರಿನಿಂದ.

ಹೊಸದೇನಿದ್ದರೂ ಮೊದಲು ಇಲ್ಲಿ

ಬೇರೆಯವರ ಕಾರನ್ನು ಹಿಗ್ಗಿಸಿ ಮಾರುವ ಆಸೆಯನ್ನು ತಡೆದ ಆ ಮನುಷ್ಯ ಆಲ್‌ಫ್ರೆಡ್ ಸ್ಲೋನ್. 1920ರ ದಶಕದಲ್ಲಿ ಜನರಲ್ ಮೋಟರ್ಸ್‌ನ ಚುಕ್ಕಾಣಿ ಹಿಡಿದ ಆತ ಪ್ರತಿ ಕಿಸೆಗೂ ಪ್ರತಿ ಉದ್ದೇಶಕ್ಕೂ ಒಂದೊಂದು ಕಾರು ಎಂಬ ಸೂತ್ರ ಹಾಕಿಕೊಟ್ಟ. ಕೆಳಗೆ ಷೆವರ್ಲೆ, ಮೇಲೆ ಕ್ಯಾಡಿಲಾಕ್, ನಡುವೆ ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯೂಕ್. ಸಂಬಳ ಏರಿದಂತೆ ಗಿರಾಕಿ ಏಣಿಯ ಮೆಟ್ಟಿಲು ಹತ್ತಬೇಕು, ಆದರೆ ಜನರಲ್ ಮೋಟರ್ಸ್‌ನ ಅಂಗಳ ದಾಟಬಾರದು. ಓಲ್ಡ್ಸ್‌ಮೊಬೈಲ್ ಇದ್ದದ್ದು ನಟ್ಟನಡುವೆ, ಮತ್ತು ಅದರಿಂದಲೇ ಅದಕ್ಕೊಂದು ವಿಶೇಷ ಜವಾಬ್ದಾರಿ ಬಂತು. ಹೊಸ ತಂತ್ರಜ್ಞಾನವನ್ನು ಷೆವರ್ಲೆಯಲ್ಲಿ ಪರೀಕ್ಷಿಸಿದರೆ ಬೆಲೆ ಕೈಗೆಟುಕುವುದಿಲ್ಲ. ಕ್ಯಾಡಿಲಾಕ್‌ನಲ್ಲಿ ಕೈಕೊಟ್ಟರೆ ಕಂಪನಿಯ ಮರ್ಯಾದೆಯೇ ಹೋಗುತ್ತದೆ. ಓಲ್ಡ್ಸ್‌ಮೊಬೈಲ್ ಕೊಳ್ಳುವವರ ಕೈಯಲ್ಲಿ ಹೊಸತನಕ್ಕೆ ಕೊಡುವಷ್ಟು ಕಾಸೂ ಇತ್ತು, ಸಣ್ಣಪುಟ್ಟ ತೊಂದರೆ ಸಹಿಸುವ ಕುತೂಹಲವೂ ಇತ್ತು. ಎಂಜಿನಿಯರನೊ, ವೈದ್ಯನೊ, ಊರಿನ ಅಂಗಡಿ ಯಜಮಾನನೊ ‘ಈ ವರ್ಷ ಹೊಸದೇನು ಬಂದಿದೆ’ ಎಂದು ಕೇಳುತ್ತ ಹೋಗುವ ಶೋರೂಂ ಅದಾಯಿತು.

ಹೇಳಿಕೊಳ್ಳಲು ಅಲ್ಲಿ ನಿಜಕ್ಕೂ ಸಂಗತಿಗಳಿದ್ದವು. ಕ್ಲಚ್ಚಿಲ್ಲದೆ ತಾನೇ ಗೇರು ಬದಲಿಸುವ ಹೈಡ್ರಾ-ಮ್ಯಾಟಿಕ್ ಮೊದಲು ಬಂದದ್ದು 1940ರ ಮಾದರಿಯ ಓಲ್ಡ್ಸ್‌ಮೊಬೈಲ್‌ಗಳಲ್ಲಿ. ದೊಡ್ಡ ಪ್ರಮಾಣದಲ್ಲಿ ತಯಾರಾದ, ಪೂರ್ತಿ ಸ್ವಯಂಚಾಲಿತವಾದ ಮೊದಲ ಗೇರ್‌ಬಾಕ್ಸ್ ಅದು. ಯುದ್ಧದಲ್ಲಿ ಅಮೆರಿಕದ ಹಗುರ ಟ್ಯಾಂಕುಗಳು ಅದನ್ನೇ ಬಳಸಿದವು. ಮುಂದೆ ರೋಲ್ಸ್ ರಾಯ್ಸ್ ಕೂಡ ತನ್ನ ಕಾರುಗಳಿಗೆ ಅದನ್ನೇ ಅಳವಡಿಸಿಕೊಂಡಿತು. 1949ರಲ್ಲಿ ಬಂದ ರಾಕೆಟ್ ವಿ8 ಎಂಜಿನ್ 135 ಅಶ್ವಶಕ್ತಿಯದು. ಅದನ್ನು ಹಗುರವಾದ ಕಾರಿನಲ್ಲಿ ಕೂರಿಸಿ ‘88’ ಎಂದು ಹೆಸರಿಟ್ಟರು. ಆ ವರ್ಷ ತಾನೇ ಶುರುವಾದ ನ್ಯಾಸ್ಕಾರ್‌ನ ‘ಸ್ಟ್ರಿಕ್ಟ್ಲಿ ಸ್ಟಾಕ್’ ರೇಸ್ ಸರಣಿಯ ಮೊದಲ ಚಾಂಪಿಯನ್ ರೆಡ್ ಬೈರನ್ ಓಡಿಸಿದ್ದು ಅದನ್ನೇ. 1962ರ ಜೆಟ್‌ಫೈರ್‌ನಲ್ಲಿ ಟರ್ಬೊ ಬಂತು. ಅದರ ಎಂಜಿನ್ ಒಳಗೊಳಗೇ ಬಡಿದುಕೊಳ್ಳದಂತೆ ತಡೆಯಲು ಬಟ್ಟಿ ಇಳಿಸಿದ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಸಣ್ಣ ಟ್ಯಾಂಕಿನಿಂದ ಸಿಂಪಡಿಸುವ ವ್ಯವಸ್ಥೆ ಇತ್ತು. ಟ್ಯಾಂಕು ತುಂಬಿಸಲು ಮಾಲೀಕರು ಮರೆಯುತ್ತಿದ್ದರು, ಕಾರು ಗೆಲ್ಲಲಿಲ್ಲ. ಇಂಥ ಸೋಲುಗಳಿಂದ ಓಲ್ಡ್ಸ್‌ಮೊಬೈಲ್ ಹೆಸರಿಗೆ ಕುಂದು ಬರಲಿಲ್ಲ ಎಂಬುದು ಗಮನಿಸಬೇಕಾದ ಮಾತು. ಪ್ರಯೋಗ ಮಾಡುವವರು ಕೆಲವೊಮ್ಮೆ ಎಡವುತ್ತಾರೆ ಎಂಬುದು ಗಿರಾಕಿಗೂ ಗೊತ್ತಿತ್ತು.

ಈ ಪರಂಪರೆಯ ಶಿಖರ 1966ರ ಟೊರೊನಾಡೊ. 1937ರಲ್ಲಿ ಕಾರ್ಡ್ ಎಂಬ ಬ್ರ್ಯಾಂಡ್ ನಿಂತ ಮೇಲೆ ಅಮೆರಿಕದಲ್ಲಿ ಮುಂದಿನ ಚಕ್ರಗಳಿಂದ ಚಲಿಸುವ ಕಾರು ಯಾರೂ ಮಾಡಿರಲಿಲ್ಲ. ಏಳು ಲೀಟರಿನ ದೈತ್ಯ ವಿ8 ಎಂಜಿನ್, ಗೇರ್‌ಬಾಕ್ಸು ಎರಡನ್ನೂ ಬಾನೆಟ್ಟಿನೊಳಗೇ ತುರುಕುವುದು ಹೇಗೆ? ಲ್ಯಾನ್ಸಿಂಗ್‌ನವರು ಗೇರ್‌ಬಾಕ್ಸನ್ನು ಎರಡು ಭಾಗ ಮಾಡಿದರು. ಟಾರ್ಕ್ ಕನ್ವರ್ಟರ್ ಎಂಜಿನಿನ ಹಿಂದೆ ಉಳಿಯಿತು, ಗೇರುಗಳು ಎಂಜಿನಿನ ಪಕ್ಕಕ್ಕೆ ಬಂದವು, ಎರಡರ ನಡುವೆ ಶಕ್ತಿ ಸಾಗಿಸಲು ಅಗಲವಾದ ಉಕ್ಕಿನ ಚೈನು ಬಂತು. 385 ಅಶ್ವಶಕ್ತಿಯನ್ನು ಆ ಚೈನು ಎಳೆಯಿತು. ಇನ್ನೊಂದು ಸಂಗತಿ ನನ್ನ ವಾದಕ್ಕೆ ಬಹಳ ಮುಖ್ಯ. ಟೊರೊನಾಡೊದ ಬಾಡಿಯ ಮೂಲಚೌಕಟ್ಟು ಅದಕ್ಕೆಂದೇ ಮಾಡಿದ್ದಲ್ಲ. ಅದೇ ವರ್ಷದ ಬ್ಯೂಕ್ ರಿವಿಯೆರಾ ಜೊತೆ ಹಂಚಿಕೊಂಡದ್ದು. ಆದರೆ ರಿವಿಯೆರಾ ಓಡುತ್ತಿದ್ದದ್ದು ಹಿಂದಿನ ಚಕ್ರಗಳ ಮೇಲೆ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಒಂದೇ ಮನೆಯ ಕಾರುಗಳೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ, ಓಡಿಸಿದರಂತೂ ಇಲ್ಲವೇ ಇಲ್ಲ. ಖರ್ಚು ಉಳಿಸಿಯೂ ತನ್ನತನ ಉಳಿಸಿಕೊಳ್ಳುವ ದಾರಿ ಅವರಿಗೆ ಚೆನ್ನಾಗಿ ಗೊತ್ತಿತ್ತು.

350 ಎಂದರೆ ಯಾರ 350?

1976ರಲ್ಲಿ ಓಲ್ಡ್ಸ್‌ಮೊಬೈಲ್‌ನ ಕಟ್ಲಾಸ್ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರಾಯಿತು. ಮರುವರ್ಷ ಬ್ರ್ಯಾಂಡಿನ ಒಟ್ಟು ಮಾರಾಟ ಮೊದಲ ಬಾರಿಗೆ 10 ಲಕ್ಷ ದಾಟಿತು. ಬಿರುಕು ಕಾಣಿಸಿಕೊಂಡದ್ದೂ ಅದೇ ವರ್ಷ. ಷಿಕಾಗೊ ಕಡೆಯ ಗಿರಾಕಿಯೊಬ್ಬರು ಹೊಸ ಡೆಲ್ಟಾ 88 ಕೊಂಡಿದ್ದರು. ಸರ್ವೀಸಿಗೆ ಬಿಟ್ಟಾಗ ಒಳಗಿರುವುದು ಷೆವರ್ಲೆ ಎಂಜಿನ್ ಎಂಬುದು ಬಯಲಾಯಿತು. ಲೆಕ್ಕದಲ್ಲಿ ಎರಡೂ 350 ಘನ ಇಂಚಿನ ಎಂಜಿನ್‌ಗಳೇ. ಆದರೆ ಬೇರೆಬೇರೆ ಊರುಗಳಲ್ಲಿ, ಬೇರೆಬೇರೆ ಎಂಜಿನಿಯರುಗಳು ರೂಪಿಸಿದವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದದು. ‘ರಾಕೆಟ್’ ಎಂಬ ಹೆಸರನ್ನು ಮೂರು ದಶಕ ಜಾಹೀರಾತಿನಲ್ಲಿ ಮೆರೆಸಿ, ಅದನ್ನು ನಂಬಿ ಹೆಚ್ಚು ದುಡ್ಡು ಕೊಟ್ಟವರಿಗೆ ಏಣಿಯ ಕೆಳಮೆಟ್ಟಿಲಿನ ಎಂಜಿನ್ ಕೊಟ್ಟಿದ್ದರು. ಇಲಿನಾಯ್ ರಾಜ್ಯದ ಅಟಾರ್ನಿ ಜನರಲ್ ಮೊಕದ್ದಮೆ ಹೂಡಿದರು, ಬೇರೆ ರಾಜ್ಯಗಳೂ ದನಿಗೂಡಿಸಿದವು. ಕಂಪನಿ 200 ಡಾಲರ್ ಪರಿಹಾರವನ್ನೂ ವಾರಂಟಿ ವಿಸ್ತರಣೆಯನ್ನೂ ಕೊಡಲು ಮುಂದಾಯಿತು. ಆಮೇಲೆ ಓಲ್ಡ್ಸ್‌ಮೊಬೈಲ್‌ನ ಜಾಹೀರಾತುಗಳಲ್ಲಿ ಸಣ್ಣ ಅಕ್ಷರದ ಒಂದು ಸಾಲು ಸೇರಿಕೊಂಡಿತು: ಈ ಕಾರುಗಳ ಎಂಜಿನ್‌ಗಳು ಜನರಲ್ ಮೋಟರ್ಸ್‌ನ ವಿವಿಧ ವಿಭಾಗಗಳಲ್ಲಿ ತಯಾರಾಗಿರುತ್ತವೆ ಎಂಬ ಅರ್ಥದ್ದು. ಕಾನೂನಿನ ಕಣ್ಣಿಗೆ ಅದು ಪ್ರಾಮಾಣಿಕತೆ. ಗಿರಾಕಿಗೆ ಮಾತ್ರ ಅದು, ನೀವು ಮೆಚ್ಚಿದ ವ್ಯತ್ಯಾಸ ಇನ್ನಿಲ್ಲ ಎಂಬ ನೋಟಿಸು.

ಕಂಪನಿಯ ಪರವಾಗಿ ಹೇಳಬೇಕಾದ್ದೂ ಇದೆ. ಕಟ್ಲಾಸ್‌ಗೆ ಎಷ್ಟು ಬೇಡಿಕೆ ಇತ್ತೆಂದರೆ ಲ್ಯಾನ್ಸಿಂಗ್‌ನ ಎಂಜಿನ್‌ಗಳು ಸಾಲುತ್ತಿರಲಿಲ್ಲ. ಮೇಲಾಗಿ 1970ರ ಶುದ್ಧ ಗಾಳಿ ಕಾಯ್ದೆಯ ನಂತರ ಪ್ರತಿಯೊಂದು ಎಂಜಿನ್‌ಗೂ ಹೊಗೆ ಪರೀಕ್ಷೆ, ಪ್ರಮಾಣಪತ್ರ ಬೇಕಾಯಿತು. ನಾಲ್ಕು ವಿಭಾಗಗಳು ಹೆಚ್ಚುಕಡಿಮೆ ಒಂದೇ ಗಾತ್ರದ ನಾಲ್ಕು ಎಂಜಿನ್‌ಗಳನ್ನು ಬೇರೆಬೇರೆಯಾಗಿ ಪರೀಕ್ಷೆಗೆ ಒಡ್ಡುವುದು ದುಂದುವೆಚ್ಚವೇ ಸರಿ. ಇದೆಲ್ಲ ನಿಜ. ಆದರೆ ಎಂಜಿನ್ ಹಂಚಿಕೊಳ್ಳಲೇಬೇಕಾದ ಪರಿಸ್ಥಿತಿ ಬಂದಾಗ ಓಲ್ಡ್ಸ್‌ಮೊಬೈಲ್‌ನ ವ್ಯತ್ಯಾಸವನ್ನು ಬೇರೆ ಯಾವುದರಲ್ಲಿ ಉಳಿಸೋಣ ಎಂಬ ಪ್ರಶ್ನೆ ಏಳಬೇಕಿತ್ತು. ಅಂಥ ಪ್ರಶ್ನೆಗೆ ಯಾರಾದರೂ ಕೂತು ಉತ್ತರ ಹುಡುಕಿದ ಕುರುಹು ಮುಂದೆ ಬಂದ ಕಾರುಗಳಲ್ಲಿ ಕಾಣುವುದಿಲ್ಲ.

ನನ್ನ ವಾದಕ್ಕೆ ಅಡ್ಡ ಬರುವ ಇನ್ನೊಂದು ಘಟನೆಯಿದೆ: ಡೀಸೆಲ್ ಎಂಜಿನ್. 1978ರಲ್ಲಿ ಬಂದ 5.7 ಲೀಟರಿನ ಡೀಸೆಲ್ ವಿ8 ಓಲ್ಡ್ಸ್‌ಮೊಬೈಲ್‌ನದೇ ಸ್ವಂತ ಕೂಸು. ಅದು ಘೋರವಾಗಿ ಸೋತಿತು. ಪೆಟ್ರೋಲ್ ಎಂಜಿನ್ ಗಾಳಿಯನ್ನು ಎಂಟು ಪಟ್ಟು ಒತ್ತಿದರೆ ಈ ಡೀಸೆಲ್ ಇಪ್ಪತ್ತೆರಡೂವರೆ ಪಟ್ಟು ಒತ್ತುತ್ತಿತ್ತು. ಸಿಲಿಂಡರ್ ಬ್ಲಾಕನ್ನು ಗಟ್ಟಿ ಮಾಡಿದ್ದರು, ಸರಿ. ಆದರೆ ಮೇಲಿನ ಹೆಡ್ಡನ್ನು ಬ್ಲಾಕಿಗೆ ಬಿಗಿಯುವ ಬೋಲ್ಟುಗಳ ಸಂಖ್ಯೆ, ಜಾಗ ಎರಡೂ ಪೆಟ್ರೋಲ್ ಎಂಜಿನಿನವೇ. ಹಳೆಯ ಯಂತ್ರಸಾಲಿನಲ್ಲೇ ತೂತು ಕೊರೆಯಬಹುದೆಂಬ ಲೆಕ್ಕ. ಆ ಒತ್ತಡಕ್ಕೆ ಬೋಲ್ಟು ಹಿಗ್ಗುತ್ತಿತ್ತು, ಗ್ಯಾಸ್ಕೆಟ್ ಸೋರುತ್ತಿತ್ತು, ತಂಪು ನೀರು ಸಿಲಿಂಡರಿಗೆ ಇಳಿದು ಎಂಜಿನ್ ಒಡೆಯುತ್ತಿತ್ತು. ಡೀಸೆಲಿನಲ್ಲಿ ಬೆರೆತ ನೀರನ್ನು ಬೇರ್ಪಡಿಸುವ ಸಾಧನವನ್ನೂ ಖರ್ಚಿನ ದೃಷ್ಟಿಯಿಂದ ಕೊಟ್ಟಿರಲಿಲ್ಲ. ನೀರು ಸೇರಿ ಇಂಧನದ ಪಂಪು ತುಕ್ಕು ಹಿಡಿಯುತ್ತಿತ್ತು. ಹಾಗಾದರೆ ಲ್ಯಾನ್ಸಿಂಗ್‌ನ ಕಸುಬೇ ಕೈಕೊಟ್ಟಿತಲ್ಲ ಎಂದು ಕೇಳಬಹುದು. ಕೈಕೊಟ್ಟಿತು, ಅದನ್ನು ಮುಚ್ಚಿಡುವಂತಿಲ್ಲ. ಆದರೆ ಜೆಟ್‌ಫೈರ್ ಸೋಲಿಗೂ ಇದಕ್ಕೂ ಇರುವ ಅಂತರ ನೋಡಿ. ಜೆಟ್‌ಫೈರ್ ಒಂದೇ ವಿಭಾಗದ, ಕೆಲವೇ ಸಾವಿರ ಕಾರುಗಳ ಪ್ರಯೋಗ. ಡೀಸೆಲ್‌ಗೆ ಪ್ರಯೋಗದ ಅವಧಿಯನ್ನೇ ಕೊಡದೆ ಕ್ಯಾಡಿಲಾಕ್, ಬ್ಯೂಕ್, ಪಾಂಟಿಯಾಕ್, ಷೆವರ್ಲೆಗಳಿಗೂ ಹಂಚಿಬಿಟ್ಟರು. ಪ್ರಯೋಗಶಾಲೆಯನ್ನು ಸರಬರಾಜು ಡಿಪೋ ಮಾಡಿದ್ದರ ಫಲ ಅದು. ಡೀಸೆಲ್ ಕಾರು ಎಂದರೆ ಅಮೆರಿಕನ್ನರು ಹಲವು ವರ್ಷ ಮೂಗು ಮುರಿಯುವಂತಾದದ್ದರಲ್ಲಿ ಈ ಎಂಜಿನಿನ ಪಾಲು ದೊಡ್ಡದು.

ನಾಲ್ಕು ಕಾರು, ಒಂದೇ ಮುಖ

1983ರ ಆಗಸ್ಟ್‌ನಲ್ಲಿ ‘ಫಾರ್ಚ್ಯೂನ್’ ಪತ್ರಿಕೆ ಮುಖಪುಟದಲ್ಲಿ ನಾಲ್ಕು ಕಾರುಗಳ ಚಿತ್ರ ಹಾಕಿತು. ಷೆವರ್ಲೆ ಸೆಲೆಬ್ರಿಟಿ, ಪಾಂಟಿಯಾಕ್ 6000, ಓಲ್ಡ್ಸ್‌ಮೊಬೈಲ್ ಕಟ್ಲಾಸ್ ಸಿಯೆರಾ, ಬ್ಯೂಕ್ ಸೆಂಚುರಿ. ನಾಲ್ಕಕ್ಕೂ ಒಂದೇ ಬಣ್ಣ. ಒಂದೇ ಹಿಟ್ಟಿನಿಂದ ಹುಯ್ದ ದೋಸೆಗಳಂತಿದ್ದ ಅವುಗಳಲ್ಲಿ ಯಾವುದು ಯಾವುದೆಂದು ಹೇಳಲು ಮೂತಿಯ ಲಾಂಛನವನ್ನೇ ಹುಡುಕಬೇಕಿತ್ತು. ಸ್ಲೋನ್‌ನ ಏಣಿಯ ಮೆಟ್ಟಿಲುಗಳೆಲ್ಲ ಒಂದೇ ಎತ್ತರಕ್ಕೆ ಬಂದವೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಮರುವರ್ಷ ಅಧ್ಯಕ್ಷ ರೋಜರ್ ಸ್ಮಿತ್ ಕಂಪನಿಯನ್ನೇ ಮರುಸಂಘಟಿಸಿ ಬ್ಯೂಕ್, ಓಲ್ಡ್ಸ್‌ಮೊಬೈಲ್, ಕ್ಯಾಡಿಲಾಕ್‌ಗಳ ಎಂಜಿನಿಯರಿಂಗ್ ಮತ್ತು ಉತ್ಪಾದನೆಯನ್ನು ಒಂದೇ ಗುಂಪಿಗೆ ಒಪ್ಪಿಸಿದರು. ಓಲ್ಡ್ಸ್‌ಮೊಬೈಲ್ ಕೈಯಲ್ಲಿ ಉಳಿದದ್ದು ಮಾರಾಟ ಮತ್ತು ಜಾಹೀರಾತು. ಅದಾದ ಕೆಲವೇ ತಿಂಗಳಲ್ಲಿ, 1985ರ ಜನವರಿಯಲ್ಲಿ, ಸ್ಯಾಟರ್ನ್ ಎಂಬ ಹೊಚ್ಚಹೊಸ ಕಂಪನಿಯ ಘೋಷಣೆಯಾಯಿತು. ಹೊಸ ಬಗೆಯ ಕಾರು, ಹೊಸ ಬಗೆಯ ಕಾರ್ಖಾನೆ, ಹೊಸ ಪ್ರಯೋಗ – ಅರ್ಧ ಶತಮಾನ ಓಲ್ಡ್ಸ್‌ಮೊಬೈಲ್ ಮಾಡಿದ ಕೆಲಸವನ್ನು ಕಂಪನಿ ಹೆಸರೇ ಇಲ್ಲದ ಹೊಸಬನಿಗೆ ಒಪ್ಪಿಸಿತು, ಕೋಟ್ಯಂತರ ಡಾಲರ್ ಸಮೇತ.

> ಅಂಕಿಗಳಲ್ಲಿ ಏರಿಳಿತ
>
> 1901: 425 ಕಾರು
>
> 1904: 5,508 ಕಾರು
>
> 1977: ಮೊದಲ ಬಾರಿಗೆ 10 ಲಕ್ಷದ ಆಚೆ
>
> 1984, 85, 86: ಮತ್ತೆ ಮೂರು ವರ್ಷ 10 ಲಕ್ಷದ ಮೇಲೆ
>
> 2000: 3 ಲಕ್ಷಕ್ಕೂ ಕಡಿಮೆ

ಇಲ್ಲ, ಓಲ್ಡ್ಸ್‌ಮೊಬೈಲನ್ನು ಮುಗಿಸಿದ್ದು ಜಪಾನ್ ಮತ್ತು ಪೆಟ್ರೋಲ್ ಬೆಲೆ ಎಂಬುದು ಹೆಚ್ಚಾಗಿ ಕೇಳುವ ವಾದ. ಕಾಲಾನುಕ್ರಮ ಇದಕ್ಕೆ ಒಪ್ಪುವುದಿಲ್ಲ. ಮೊದಲ ತೈಲ ಬಿಕ್ಕಟ್ಟು 1973ರದ್ದು. ಓಲ್ಡ್ಸ್‌ಮೊಬೈಲ್ ದಾಖಲೆ ಬರೆದದ್ದು ಅದರ ನಂತರ. ಹೊಂಡಾ ಕಂಪನಿ ಒಹಾಯೊದಲ್ಲೇ ಅಕಾರ್ಡ್ ತಯಾರಿಸತೊಡಗಿದ್ದು 1982ರಲ್ಲಿ. ಅದಾದ ಮೇಲೂ ಓಲ್ಡ್ಸ್‌ಮೊಬೈಲ್ ಮೂರು ವರ್ಷ 10 ಲಕ್ಷದ ಗೆರೆ ದಾಟಿತು. ಕುಸಿತ ಶುರುವಾದದ್ದು 1986ರ ನಂತರ, ಅಂದರೆ ಒಂದೇ ಮುಖದ ಕಾರುಗಳು ಶೋರೂಂ ತುಂಬಿ, ಸ್ವಂತ ಎಂಜಿನಿಯರಿಂಗ್ ಕೈತಪ್ಪಿದ ಮೇಲೆ. ಜಪಾನಿನ ಕಾರುಗಳು ಬಾಗಿಲಲ್ಲಿ ಕಾದಿದ್ದವು ನಿಜ. ಗಿರಾಕಿಯ ಕೈಬಿಟ್ಟದ್ದು ಮಾತ್ರ ಒಳಗಿನವರೇ. ಅಕಾರ್ಡ್ ಕೊಳ್ಳುವವನಿಗೆ ಹೊಂಡಾ ಎಂದರೇನೆಂದು ಗೊತ್ತಿತ್ತು. ಸಿಯೆರಾ ಕೊಳ್ಳುವವನಿಗೆ ಅದು ಸೆಂಚುರಿಗಿಂತ ಯಾವುದರಲ್ಲಿ ಬೇರೆ ಎಂದು ಶೋರೂಂನವರೂ ವಿವರಿಸಲಾರದೆ ಹೋದರು.

ಜಾಹೀರಾತಿನ ಮೇಲೆ ಗೂಬೆ ಕೂರಿಸುವವರೂ ಇದ್ದಾರೆ. 1988ರಲ್ಲಿ ಲಿಯೊ ಬರ್ನೆಟ್ ಏಜೆನ್ಸಿ ‘ಇದು ನಿಮ್ಮಪ್ಪನ ಓಲ್ಡ್ಸ್‌ಮೊಬೈಲ್ ಅಲ್ಲ’ ಎಂಬ ಘೋಷವಾಕ್ಯ ತಂದಿತು. ‘ಸ್ಟಾರ್ ಟ್ರೆಕ್’ ಖ್ಯಾತಿಯ ವಿಲಿಯಂ ಶಾಟ್ನರ್, ಬೀಟಲ್ಸ್‌ನ ರಿಂಗೊ ಸ್ಟಾರ್ ತಮ್ಮ ತಮ್ಮ ಮಗಳ ಜೊತೆ ಕಾಣಿಸಿಕೊಂಡರು. ವಾಕ್ಯ ಎಲ್ಲರ ಬಾಯಲ್ಲೂ ಬಂತು. ಮಾರಾಟ ಇಳಿಯುತ್ತಲೇ ಹೋಯಿತು. ಹಳೆಯ ಗಿರಾಕಿಗೆ ಅವಮಾನವಾಯಿತು, ಹೊಸಬ ಬರಲಿಲ್ಲ ಎಂಬ ವಿವರಣೆ ತಪ್ಪಲ್ಲ, ಆದರೆ ಅಪೂರ್ಣ. ಅಪ್ಪನ ಓಲ್ಡ್ಸ್‌ಮೊಬೈಲಿಗೆ ರಾಕೆಟ್ ಎಂಜಿನ್ ಇತ್ತು, ಟೊರೊನಾಡೊದ ಚೈನು ಇತ್ತು. 1988ರ ಕಟ್ಲಾಸ್ ಸುಪ್ರೀಂ ಮಾತ್ರ ಪಾಂಟಿಯಾಕ್ ಗ್ರ್ಯಾಂಡ್ ಪ್ರಿ, ಬ್ಯೂಕ್ ರೀಗಲ್‌ಗಳ ಒಡಹುಟ್ಟು. ಅಪ್ಪನ ಕಾರೇ ಹೆಚ್ಚು ಹೊಸದಾಗಿತ್ತು. ಕಂಪನಿಗೆ ಹೇಳಿಕೊಳ್ಳಲು ಏನೂ ಉಳಿದಿಲ್ಲ ಎಂಬುದನ್ನು ಜಾಹೀರಾತು ಬಯಲಿಗೆ ತಂದಿತು. ಹೆಸರಿನಲ್ಲೇ ‘ಹಳೆಯದು’ ಎಂಬ ಧ್ವನಿಯಿದೆ, ಅದೇ ಮುಳುವಾಯಿತು ಎಂಬ ವಾದಕ್ಕೂ ಇದೇ ಉತ್ತರ. ಅದೇ ಹೆಸರಿನ ಕಾರಿನ ಮೇಲೆ 1951ರ ಹುಡುಗರು ಹಾಡು ಕಟ್ಟಿದ್ದರು.

ಬಿಡದಿಯಲ್ಲೂ ಒಂದೇ ಸಾಲು

ಇವತ್ತು ಹಂಚಿಕೊಳ್ಳದೆ ಯಾರು ಕಾರು ಮಾಡುತ್ತಾರೆ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಫೋಕ್ಸ್‌ವ್ಯಾಗನ್, ಸ್ಕೋಡಾ, ಔಡಿಗಳು ಒಂದೇ ಅಡಿಪಾಯದ ಮೇಲೆ ನಿಲ್ಲುತ್ತವೆ, ಮೂರೂ ಬದುಕಿವೆ. ನಮ್ಮ ಕಣ್ಣೆದುರಿನ ಉದಾಹರಣೆ ಬೇಕಿದ್ದರೆ ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಗೆ ಹೋಗಬೇಕು. 2022ರಲ್ಲಿ ಅಲ್ಲಿನ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟೊಯೊಟಾದ ಹೈರೈಡರ್ ಜೊತೆಗೆ ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಕೂಡ ತಯಾರಾಗತೊಡಗಿತು. ಎರಡೂ ಒಂದೇ ಕಾರು ಎಂದು ಕೊಳ್ಳುವವರಿಗೆ ಚೆನ್ನಾಗಿ ಗೊತ್ತು, ಆದರೂ ಎರಡೂ ಹೋಗುತ್ತವೆ. ಹಾಗಾದರೆ ಓಲ್ಡ್ಸ್‌ಮೊಬೈಲ್ ಮಾಡಿದ ತಪ್ಪೇನು?

ವ್ಯತ್ಯಾಸ ಎರಡು ಕಡೆ ಇದೆ. ಬಿಡದಿಯ ಜೋಡಿಯಲ್ಲಿ ಎರಡು ಬೇರೆಬೇರೆ ಕಂಪನಿಗಳು ತಮ್ಮ ತಮ್ಮ ಪರಿಣತಿಯನ್ನು ತಂದು ಸೇರಿಸಿವೆ: ದೊಡ್ಡ ಹೈಬ್ರಿಡ್ ವ್ಯವಸ್ಥೆ ಟೊಯೊಟಾದ್ದು, ಮೈಲ್ಡ್ ಹೈಬ್ರಿಡ್ ಎಂಜಿನ್ ಸುಜುಕಿಯದ್ದು. ಪ್ರತಿಯೊಂದಕ್ಕೂ ಅದರಾಚೆ ತನ್ನದೇ ಆದ ಬೇರೆ ಕಾರುಗಳಿವೆ, ಬೇರೆ ಸರ್ವೀಸ್ ಜಾಲವಿದೆ, ಆ ಹೆಸರಿಗೆ ಅರ್ಥ ಕೊಡುವುದು ಅವು. ಇನ್ನೋವಾ ಇರುವವರೆಗೆ ಹೈರೈಡರ್‌ಗೆ ಟೊಯೊಟಾ ಎಂಬ ಹೆಸರು ಕೂಡುತ್ತದೆ. ಔಡಿಯ ಎಂಜಿನಿಯರುಗಳಿಗೂ ಇಂಗೋಲ್‌ಸ್ಟಾಟ್‌ನಲ್ಲಿ ತಮ್ಮದೇ ಕೆಲಸವಿದೆ. ಓಲ್ಡ್ಸ್‌ಮೊಬೈಲ್‌ನ ಪಾಲಿಗೆ 1980ರ ದಶಕದಲ್ಲಿ ಇಡೀ ಶೋರೂಮೇ ಹಂಚಿಕೊಂಡದ್ದಾಗಿತ್ತು, ಒಂದೇ ಒಡೆಯನ ನಾಲ್ಕೈದು ಅಂಗಡಿಗಳು ಒಂದೇ ಬೀದಿಯಲ್ಲಿ ಒಂದೇ ಸರಕಿಟ್ಟು ಒಂದೇ ಗಿರಾಕಿಗೆ ಕಾದಿದ್ದವು. ಸ್ಲೋನ್ ಕೂಡ 1930ರ ದಶಕದಿಂದ ಬಾಡಿಗಳನ್ನು ಹಂಚಿಸಿದ್ದ. ಆದರೆ ಎಂಜಿನ್ ಯಾರದು, ಸವಾರಿಯ ಗುಣ ಯಾರದು, ಈ ವರ್ಷದ ಹೊಸತು ಯಾರದು ಎಂಬುದನ್ನು ವಿಭಾಗಕ್ಕೇ ಬಿಟ್ಟಿದ್ದ. ಕಣ್ಣಿಗೆ ಬೀಳದ್ದನ್ನು ಹಂಚಿ, ಕೈಗೆ ಕಿವಿಗೆ ತಾಕುವುದನ್ನು ಬೇರೆ ಇಡುವ ಆ ವಿವೇಕ ಅವನ ನಂತರದವರಲ್ಲಿ ಉಳಿಯಲಿಲ್ಲ.

ಕೊನೆಗಾಲದಲ್ಲಿ ಒಳ್ಳೆಯ ಕಾರುಗಳೂ ಬಂದವು. 1992ರಲ್ಲೇ ಬ್ರ್ಯಾಂಡ್ ಮುಚ್ಚುವ ಸುದ್ದಿ ಹಬ್ಬಿದಾಗ ಮುಖ್ಯಸ್ಥ ಜಾನ್ ರಾಕ್ ಪಟ್ಟು ಹಿಡಿದು ನಿಂತರು. 1994ರಲ್ಲಿ ಬಂದ ಅರೋರಾ ನಯವಾದ, ಗಟ್ಟಿಮುಟ್ಟಾದ ಕಾರು. ಅದಕ್ಕಾಗಿಯೇ ಹೊಂದಿಸಿದ ನಾಲ್ಕು ಲೀಟರಿನ ವಿ8 ಎಂಜಿನ್ ಇತ್ತು. ನಂತರ ಬಂದ ಇಂಟ್ರೀಗ್‌ಗೂ ಒಳ್ಳೆಯ ಮಾತು ಕೇಳಿಬಂತು. ಕಾರು ಚೆನ್ನಾಗಿದ್ದರೂ ಬ್ರ್ಯಾಂಡ್ ಬದುಕಲಿಲ್ಲ ಎಂದಮೇಲೆ ಕಸುಬಿನ ವಾದ ಬಿದ್ದುಹೋಯಿತಲ್ಲವೆ? ಅರೋರಾ ಕಾರಿನ ಹೊರಮೈಯನ್ನೊಮ್ಮೆ ನೋಡಬೇಕು. ಅದರ ಮೇಲೆ ‘ಓಲ್ಡ್ಸ್‌ಮೊಬೈಲ್’ ಎಂಬ ಅಕ್ಷರ ಹುಡುಕಿದರೂ ಸಿಗುವುದಿಲ್ಲ. ಕಳೆದುಹೋದ ಕಸುಬನ್ನು ಮರಳಿ ಕಟ್ಟಿದವರೇ ಆ ಹೆಸರನ್ನು ಬರೆಯಲು ಹಿಂಜರಿದರು, ಅಷ್ಟರಮಟ್ಟಿಗೆ ಅದು ಹಾಳಾಗಿತ್ತು. ಎರಡು ದಶಕ ಸವೆಸಿದ ನಂಬಿಕೆಯನ್ನು ಐದು ವರ್ಷದಲ್ಲಿ ತುಂಬಿಕೊಡುವುದು ಒಂದೆರಡು ಕಾರುಗಳಿಂದ ಆಗುವ ಕೆಲಸವಲ್ಲ. ಆದ್ದರಿಂದ 2000ದ ಡಿಸೆಂಬರ್ 12ರಂದು ಜನರಲ್ ಮೋಟರ್ಸ್ ಮುಖ್ಯಸ್ಥ ರಿಕ್ ವ್ಯಾಗನರ್ ಮುಚ್ಚುವ ನಿರ್ಧಾರ ಪ್ರಕಟಿಸಿದ್ದನ್ನು ನಾನು ತಪ್ಪೆನ್ನಲಾರೆ. ಆ ಹೊತ್ತಿಗೆ ಬೇರೆ ದಾರಿ ಉಳಿದಿರಲಿಲ್ಲ. ತಪ್ಪು ನಡೆದದ್ದು ಅದಕ್ಕೂ ಬಹಳ ಹಿಂದೆ, ಮಾರಾಟದ ಅಂಕಿಗಳು ಹೊಳೆಯುತ್ತಿದ್ದ ವರ್ಷಗಳಲ್ಲಿ.

ಮುಚ್ಚಿದ್ದರಿಂದ ಕಂಪನಿಗೆ ಲಾಭವಾಯಿತೆ? ಸುಮಾರು 2,800 ಡೀಲರುಗಳಿಗೆ ಪರಿಹಾರ ಕೊಟ್ಟು ಕಳಿಸಲು ನೂರು ಕೋಟಿ ಡಾಲರಿಗೂ ಹೆಚ್ಚು ಖರ್ಚಾಯಿತು. ಓಲ್ಡ್ಸ್‌ಮೊಬೈಲ್ ಗಿರಾಕಿಗಳು ಜನರಲ್ ಮೋಟರ್ಸ್‌ನ ಇತರ ಕಾರುಗಳಿಗೆ ಬರುತ್ತಾರೆಂಬ ಲೆಕ್ಕಾಚಾರ ಫಲಿಸಲಿಲ್ಲ. ಅಮೆರಿಕದ ಮಾರುಕಟ್ಟೆಯಲ್ಲಿ 2000ದಲ್ಲಿ ಸುಮಾರು ಶೇ 28ರಷ್ಟಿದ್ದ ಕಂಪನಿಯ ಪಾಲು 2008ರ ಹೊತ್ತಿಗೆ ಶೇ 22ರ ಆಸುಪಾಸಿಗೆ ಇಳಿಯಿತು. 2009ರ ಜೂನ್ 1ರಂದು ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಾಕಿತು. ಸ್ಯಾಟರ್ನ್, ಹಮ್ಮರ್ ಎರಡೂ ಮುಚ್ಚಿದವು.

ಆ ದಿವಾಳಿಯ ವೇಳೆ ನಡೆದ ಒಂದು ಆಯ್ಕೆ ಈ ಇಡೀ ಕಥೆಯ ಮೇಲೆ ಬೆಳಕು ಚೆಲ್ಲುತ್ತದೆ. ಬ್ಯೂಕ್ ಸ್ಥಿತಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್‌ಗಿಂತ ಬಹಳ ಬೇರೆಯೇನಿರಲಿಲ್ಲ: ಅದೇ ಅಡಿಪಾಯಗಳು, ವಯಸ್ಸಾದ ಗಿರಾಕಿಗಳು, ಇಳಿಮುಖದ ಮಾರಾಟ. ಆದರೆ ಚೀನಾದಲ್ಲಿ ಅದರ ಕಥೆಯೇ ಬೇರೆ. ಕೊನೆಯ ಚಕ್ರವರ್ತಿ ಪು ಯಿ, ಪ್ರಧಾನಿ ಚೌ ಎನ್‌ಲಾಯ್ ಬಳಸಿದ ಕಾರು ಎಂಬ ನೆನಪು ಅಲ್ಲಿ ಉಳಿದಿತ್ತು. 1998ರ ಕೊನೆಯಲ್ಲಿ ಶಾಂಘೈಯ ಕಾರ್ಖಾನೆಯಿಂದ ಮೊದಲ ಬ್ಯೂಕ್ ಹೊರಬಂದಾಗ ಅದನ್ನು ಅನುಕೂಲಸ್ಥರ, ಅಧಿಕಾರಿಗಳ ಕಾರಾಗಿ ನಿಲ್ಲಿಸಿದರು. ಅಮೆರಿಕದಲ್ಲಿ ಬೆರೆತುಹೋದಂತೆ ಅಲ್ಲಿ ಅದು ಒಡಹುಟ್ಟಿದ ಕಾರುಗಳ ಗುಂಪಿನಲ್ಲಿ ಬೆರೆಯಲಿಲ್ಲ. ದಶಕ ಕಳೆಯುವಷ್ಟರಲ್ಲಿ ಬ್ಯೂಕ್ ತನ್ನ ತವರಿಗಿಂತ ಚೀನಾದಲ್ಲೇ ಹೆಚ್ಚು ಮಾರಾಟವಾಗುತ್ತಿತ್ತು. ಯಾವ ಹೆಸರು ಉಳಿಸಬೇಕು, ಯಾವುದನ್ನು ಕೈಬಿಡಬೇಕು ಎಂದು 2009ರಲ್ಲಿ ತೀರ್ಮಾನಿಸಬೇಕಾಗಿ ಬಂದಾಗ, ಅಮೆರಿಕದಲ್ಲಿ ಬ್ಯೂಕ್‌ಗಿಂತ ಹೆಚ್ಚು ಮಾರಾಟವಿದ್ದ ಪಾಂಟಿಯಾಕ್ ಮುಚ್ಚಿತು. ಶಾಂಘೈಯಲ್ಲಿ ತನಗಿದ್ದ ಮರ್ಯಾದೆಯ ಬಲದಿಂದ ಬ್ಯೂಕ್ ಉಳಿಯಿತು.